ಇಪ್ಪತ್ತನಾಲ್ಕನೆಯ ಕುಳಿ

“ಅದನ್ನ ಮುಟ್ಟಬ್ಯಾಡ್ರಿ. ಅದು ಬಾಯಿಕಟ್ಟಿನ ಸೀಸ.”

ಪುಣೆಯ ಜೂನಾ ಬಜಾರಿನಲ್ಲಿ ಬುಧವಾರ ಬುಧವಾರ ಹಳೇ ಲೋಹ ಹರವಿಕೊಂಡು ಕೂಡುತ್ತಿದ್ದ ಭಾಮಾಬಾಯಿ ಹೀಗೆಂದಾಗ ಸುತ್ತಲಿನ ಮೂರು ಸಾವಿರ ಜನ ಒಮ್ಮೆಲೇ ಸುಮ್ಮನಾದರು. ಅಷ್ಟಿರಲಿಲ್ಲ ಎನ್ನುವವರು ಎಣಿಸಿಕೊಂಡು ಬರಲಿ. ಶಿವರುದ್ರಪ್ಪನೊಬ್ಬ ಮಾತ್ರ ನಕ್ಕ.

ಅವನ ಕೈಯಲ್ಲಿದ್ದುದು ಹೆಬ್ಬೆರಳು ಗಾತ್ರದ ಸೀಸದ ಸುರುಳಿ. ಕಸಬಾ ಪೇಠೆಯಲ್ಲಿ ಹಳೇ ವಾಡೆಯೊಂದನ್ನು ಕೆಡವಿದಾಗ ಹೊಸ್ತಿಲ ಕೆಳಗೆ ಸಿಕ್ಕಿದ್ದು. ಸುತ್ತ ಹೆಣ್ಣಿನ ಕೂದಲು, ಮಾಸಿದ ಕೆಂಪು ದಾರ. ಮೂಗಿಗೆ ಹಿಡಿದರೆ ಸುಟ್ಟ ಬೇವಿನೆಣ್ಣೆಯ ವಾಸನೆ. ಸೊಲ್ಲಾಪುರದ ಕಡೆಯವಳಾದ ಭಾಮಾಬಾಯಿ ಅವನ ಕನ್ನಡ ಗುರುತಿಸಿ ಕನ್ನಡದಲ್ಲೇ ತಿಳಿಸಿ ಹೇಳಿದಳು: ಹೆಸರು ಬರೆದು, ಸುತ್ತಿ, ಹೂತಿದ್ದಾರೆ, ಆ ಮನೆಯ ಸೊಸೆ ಸಾಯುವ ತನಕ ತುಟಿ ಬಿಚ್ಚಲಿಲ್ಲವಂತೆ, ಶನಿವಾರ ತಾನೇ ಇದನ್ನು ಹೊಳೆಗೆ ಬಿಡುವವಳಿದ್ದೇನೆ.

“ಚಲೋನ ಆತು ಬಿಡು ಬಾಯಿ. ನನ್ನ ಮಷಿನೂ ಗುಂಯ್ ಅಂತದ. ಅದರ ಬಾಯಿ ಕಟ್ಟಬೇಕಾಗೇದ.”

“ಕರಗಿಸಿದ್ರ ಹೆಸರು ಹೋಗ್ತದ, ಹಸಿವು ಉಳೀತದ,” ಎಂದಳು ಅವಳು. “ಮುಂದ ಯಾರ ದನಿ ಸಿಗ್ತದೋ ಅದನ್ನ ಉಣ್ಣತದ.”

ಅವನು ದುಡ್ಡು ಚಾಚಿದ. ಅವಳು ಎರಡೂ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು. ಸುರುಳಿಯನ್ನು ಜೇಬಿಗೆ ಇಳಿಸಿ ಅವನು ನಡೆದೇಬಿಟ್ಟ.

ಗದಗಿನ ಈ ಶಿವರುದ್ರಪ್ಪ ಭೋಸರಿಯ ಕಾರ್ಖಾನೆಗಳ ನಡುವೆ ಒಂದು ಶೆಡ್ಡಿನಲ್ಲಿ ಒಬ್ಬನೇ ಇದ್ದ. ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್‌ಗಳನ್ನು ಕಟ್ಟುವುದು, ಸುಧಾರಿಸುವುದು ಅವನ ಕಸುಬು. ಊರೆಲ್ಲ ಸೀಡಿ ಹಿಂದೆ ಬಿದ್ದಿದ್ದ 2003ರಲ್ಲೂ ಕೋರೆಗಾಂವ ಪಾರ್ಕಿನ ಸಿರಿವಂತರು ಅವನ ಶಟರಿನ ಮುಂದೆ ಕಾರು ನಿಲ್ಲಿಸಿ ಕಾಯುತ್ತಿದ್ದರು. ಅವನ ಕಿವಿಯೇ ಅಂಥದು. ಲೋಣಾವಳಾದಲ್ಲಿ ಇರುವೆ ಸೀನಿದರೆ ಇವನು ಭೋಸರಿಯಲ್ಲಿ ಎದ್ದು ಕೂಡುತ್ತಿದ್ದ.

ತನಗಾಗಿ ಅವನು ಕಟ್ಟುತ್ತಿದ್ದ ಯಂತ್ರ ಮಾತ್ರ ಹನ್ನೊಂದು ವರ್ಷವಾದರೂ ಮುಗಿದಿರಲಿಲ್ಲ. ಅದು ಒಂದೇ ಒಂದು ರೆಕಾರ್ಡಿಗಾಗಿ. ತಾಯಿಯಿಲ್ಲದ ಅವನನ್ನು ಸಾಕಿದ ಅಕ್ಕ ಕುಸುಮ, ಹತ್ತೊಂಬತ್ತರ ಹರೆಯದಲ್ಲಿ ಹಾಡಿದ ತೊಟ್ಟಿಲ ಹಾಡು. ಹುಬ್ಬಳ್ಳಿಯಲ್ಲಿ ಅದನ್ನು ಮುದ್ರಿಸಿಕೊಳ್ಳುವಾಗ ಎಂಟು ವರ್ಷದ ಶಿವು ಪಕ್ಕದಲ್ಲೇ ನಿಂತಿದ್ದ, ಏನನ್ನೋ ಬೀಳಿಸಿದ್ದ. ಎರಡನೆಯ ನುಡಿ ಮುಗಿದ ಮೇಲೆ ಅಕ್ಕ ಉಸಿರೊಳಗೇ ನಕ್ಕು ಏನೋ ಅನ್ನುತ್ತಾಳೆ. ಏನದು? ರೆಕಾರ್ಡಿನ ಸರಸರ ಸದ್ದಿನಡಿ ಆ ಮಾತು ಹೂತುಹೋಗಿತ್ತು. ಅದೊಂದನ್ನು ಕೇಳಬೇಕು, ಅಷ್ಟೇ.

ಅಕ್ಕ ಸತ್ತಿದ್ದಳೆಂದುಕೊಂಡಿರಾ? ಗದಗಿನಲ್ಲಿ ಗುಂಡುಕಲ್ಲಿನ ಹಾಗಿದ್ದಳು. ಫೋನೆತ್ತಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಹನ್ನೊಂದು ವರ್ಷದ ಹಿಂದೆ, ಅಕ್ಕ ತನ್ನ ಮಗಳು ನೀರಜಾಳ ಮದುವೆಯಲ್ಲಿ ಹಾರ್ಮೋನಿಯಂ ಪೇಟಿಯ ಜೊತೆ ಹಾಡಲು ಕೂತಾಗ, ತುಂಬಿದ ಚಪ್ಪರದಲ್ಲಿ ಇವನು ಶ್ರುತಿ ತಪ್ಪಿತೆಂದಿದ್ದ. “ನೀ ದನಿ ಕೇಳಂಗಿಲ್ಲೋ, ತಪ್ಪು ಕೇಳ್ತಿ,” ಎಂದಿದ್ದಳು ಅಕ್ಕ. “ನಿನ್ನ ರೆಕಾರ್ಡ್ ನನ್ನ ಹತ್ರ ಅದ. ನೀ ಮಾತಾಡದಿದ್ರೂ ನಡೀತದ,” ಎಂದು ಇವನು ಬಸ್ಸು ಹತ್ತಿದ್ದ. ಹಾಗೆಯೇ ನಡೆದುಕೊಂಡೂ ಬಂದಿತ್ತು.

ಯಂತ್ರದ ತಿರುಗುವ ತಟ್ಟೆ ಅಲ್ಯೂಮಿನಿಯಂನದು. ತೂಕ ಇಪ್ಪತ್ತು ಕಿಲೋ ಎಂದು ಅವನು ಹೇಳುತ್ತಿದ್ದ. ಎತ್ತಲು ಎರಡು ಎಮ್ಮೆ ಬೇಕು ಎಂದು ನಾನು ಹೇಳುತ್ತೇನೆ. ತಟ್ಟಿದರೆ ಟಿಣ್ಣೆನ್ನುವ ಅದರ ಕಂಪ ಅಡಗಿಸಲು ಅಡಿಯಲ್ಲಿ ಸುತ್ತಲೂ ಇಪ್ಪತ್ತನಾಲ್ಕು ಕುಳಿ ಕೊರೆದು ಸೀಸ ಹೊಯ್ದಿದ್ದ. ಇಪ್ಪತ್ತಮೂರು ತುಂಬಿದ್ದವು. ಒಂದು ಖಾಲಿ. ಆ ಒಂದರಿಂದಲೇ ತಟ್ಟೆ ಕೂದಲೆಳೆಯಷ್ಟು ತೊನೆಯುತ್ತಿತ್ತು.

ಬುಧವಾರ ಸಂಜೆ ಸುರುಳಿ ಕರಗಿತು. ಹೊಗೆ ಮೇಲೇಳಲಿಲ್ಲ, ನೆಲದ ಮೇಲೆ ತೆವಳಿತು. ಕುಳಿಗೆ ಹೊಯ್ಯುವಾಗ ಚುಂಯ್ ಎನ್ನಬೇಕಿದ್ದ ಸೀಸ ಏನೂ ಅನ್ನಲಿಲ್ಲ.

ಗುರುವಾರ ಭೋಸರಿಗೆ ವಾರದ ರಜೆ. ಪ್ರೆಸ್ಸುಗಳು ನಿಲ್ಲುತ್ತವೆ, ನೆಲ ಅದುರುವುದಿಲ್ಲ, ಕರೆಂಟೂ ಇರುವುದಿಲ್ಲ. ಅಷ್ಟು ಒಂಟಿ ಜಾಗ ಚಂದ್ರನ ಮೇಲೂ ಸಿಗದು. ಅದಕ್ಕೇ ಶಿವರುದ್ರಪ್ಪನ ಪರೀಕ್ಷೆಯೆಲ್ಲ ಗುರುವಾರ, ಲಾರಿ ಬ್ಯಾಟರಿಯ ಮೇಲೆ. ನಡುಮಧ್ಯಾಹ್ನ ಶಟರೆಳೆದ. ಕತ್ತಲಾಯಿತು. ಮುಳ್ಳು ಇಳಿಸಿದ.

ಸರಸರ ಇಲ್ಲ. ಕಟಕಟ ಇಲ್ಲ. ಅಕ್ಕ ಬಂದು ಪಕ್ಕದಲ್ಲಿ ಕೂತಂತೆ ಹಾಡು. ಬಳೆ ಸರಿದದ್ದು ಕೇಳಿತು. ಎರಡನೆಯ ನುಡಿ ಮುಗಿಯಿತು. ಏನೋ ಬಿತ್ತು. ನಗು. ಆಮೇಲೆ ಹೂವಿನಷ್ಟು ಮೆಲ್ಲಗೆ, “ಸುಮ್ನಿರೋ, ಶಿವು.”

ಅವನು ಅಳುತ್ತ ಮೂರನೆಯ ನುಡಿಗೆ ಕಾದ.

ಅದು ಬರಲೇ ಇಲ್ಲ. ಮುಳ್ಳು ಸಾಗುತ್ತಲೇ ಇತ್ತು. ಅವನು ಟಾರ್ಚು ಹಿಡಿದ. ರೆಕಾರ್ಡಿನ ಗೆರೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು, ತುಟಿಗಳ ಹಾಗೆ. ನೋಡನೋಡುತ್ತ ಅದು ನುಣ್ಣನೆಯ ಕರಿ ಕನ್ನಡಿಯಾಯಿತು. ಸುಟ್ಟ ಬೇವಿನೆಣ್ಣೆಯ ವಾಸನೆ ಎದ್ದಿತು.

ಫೋನು ಬಾರಿಸಿತು.

“ಮಾಮಾ, ನಾ ನೀರಜಾ.” ಅಕ್ಕನ ಮಗಳು ಬಿಕ್ಕುತ್ತಿದ್ದಳು. “ಅವ್ವನ ದನಿ ಹೋತು. ರೊಟ್ಟಿ ಬಡಕೋತ ಹಾಡಾಕತ್ತಿದ್ಲು, ನಡುವ ನಿಂತುಬಿಡ್ತು. ಹಿಟ್ಟಿನ್ಯಾಗ ಬೆರಳಿಲೇ ನಿನ್ನ ಹೆಸರು ಬರದಾಳ.” ನಂಬರು ಹೇಗೆ ಸಿಕ್ಕಿತೆಂದು ಕೇಳಿದ. ಅದು ಅವ್ವನ ಗೋಡೆಯ ಕ್ಯಾಲೆಂಡರಿನ ಮೇಲೆ ವರ್ಷಾವರ್ಷ ಇರುತ್ತದೆ ಎಂದಳು.

ಅವನು ಡ್ರಿಲ್ಲನ್ನು ಲಾರಿ ಬ್ಯಾಟರಿಗೆ ಹಚ್ಚಿ ಇಪ್ಪತ್ತನಾಲ್ಕನೆಯ ಕುಳಿ ಕೊರೆಯಲು ನೋಡಿದ. ಡ್ರಿಲ್ಲು ಸದ್ದಿಲ್ಲದೆ ತಿರುಗಿತು, ಗೀರೂ ಬೀಳಲಿಲ್ಲ. ಸ್ಕೂಟರ್ ಹಾರಿಸಿಕೊಂಡು ಮಂಗಳವಾರ ಪೇಠೆಯ ಭಾಮಾಬಾಯಿಯ ಓಣಿಗೆ ಹೋಗಿ ಕಾಲು ಹಿಡಿದ. ಅವಳು ಬೈಯಲಿಲ್ಲ. ತಟ್ಟೆಯನ್ನು ಕೈಯಿಂದ ಉಲ್ಟಾ ತಿರುಗಿಸಿದರೆ ಉಂಡದ್ದನ್ನು ಕಕ್ಕುತ್ತದೆ ಎಂದಳು. “ಆದ್ರ ಅದರ ಬಾಯಾಗ ಇನ್ನೊಂದು ದನಿ ಹಾಕಬೇಕ್ರಿ. ಹೊಟ್ಟಿ ತುಂಬ.”

ಮತ್ತೆ ಶೆಡ್ಡು. ಮತ್ತೆ ಶಟರು. ತಟ್ಟೆಗೆ ಕೈಯಿಟ್ಟ. ಹಿಮದಷ್ಟು ತಣ್ಣಗಿತ್ತು. ತಳ್ಳಿದ. ಅಲುಗಲಿಲ್ಲ. ತನ್ನ ಹೆಸರು ಹೇಳಿದ. ಬೆರಳಗಲ ಸರಿಯಿತು. ಬೋಲ್ಟಿನ ಅಳತೆ, ಊರಿನ ಹೆಸರು, ಮಗ್ಗಿ, ಬಾಯಿಗೆ ಬಂದದ್ದೆಲ್ಲ ಸುರಿದ. ಅರ್ಧ ಸುತ್ತು. ನಿಂತಿತು. ಅದಕ್ಕೆ ಹೊಟ್ಟು ಬೇಡವಾಗಿತ್ತು. ಕಾಳು ಬೇಕಿತ್ತು.

“ಅಕ್ಕಾ,” ಎಂದ.

ಸರ್ರನೆ ತಿರುಗಿತು.

“ಅಕ್ಕಾ, ಶ್ರುತಿ ನೀ ತಪ್ಪಿರಲಿಲ್ಲ. ಮದುವ್ಯಾಗಿನ ಪೇಟಿ ರಿಪೇರಿ ಮಾಡಿದವ ನಾನು. ಸ್ವರ ಕೂಡಿಸೋದು ತಪ್ಪಿದವ ನಾನು. ಅವತ್ತ ಗೊತ್ತಿತ್ತು ನನಗ.”

ತಟ್ಟೆ ಓಡಿತು. ದನಿ ಒಡೆಯಿತು. ಗಂಟಲಲ್ಲಿ ಸೀಸದ ರುಚಿ. ತಪ್ಪಾತು ಎಂದ. ಪಿಸುಗುಟ್ಟಿದಂತಾಯಿತು. ಮತ್ತೆ ಎಂದ. ಬರೀ ಗಾಳಿ. ಮತ್ತೆ. ಗಾಳಿಯೂ ಇಲ್ಲ. ಕರಿ ಕನ್ನಡಿ ಬಿರಿಯಿತು. ಗೆರೆ ಮೂಡಿತು. ಇನ್ನೊಂದು. ನೂರು. ಹನ್ನೊಂದು ವರ್ಷ ಅವನು ನುಂಗಿಕೊಂಡಿದ್ದುದನ್ನೆಲ್ಲ ಸೀಸ ಒಂದೇ ತುತ್ತಿಗೆ ನುಂಗಿ ತೇಗಿತು.

ಫೋನು ಬಾರಿಸಿತು.

“ಶಿವೂ?” ಅಕ್ಕ. ರೆಕಾರ್ಡಲ್ಲ, ಅಕ್ಕನೇ. ವಯಸ್ಸಾದ, ಸ್ವಲ್ಪ ಒಡೆದ ದನಿ. “ನನ್ನ ದನಿ ಬಂತೋ. ಮೊದಲ ನಿನಗ ಮಾಡೀನಿ. ಏನರ ಅನ್ನೋ.”

ಅವನು ಬಾಯಿ ತೆರೆದ.

“ಇನ್ನೂ ಸಿಟ್ಟದ ಏನು? ನಾನೂ ಮುದುಕಿ ಆದೆ. ಒಂದು ಮಾತು ಅನ್ನು, ಸಾಕು.”

ಅವನು ಉಗುರಿನಿಂದ ಫೋನಿನ ಬಾಯಿಗೆ ಬಡಿದ. ಮೆಲ್ಲಗೆ. ಜೋರಾಗಿ. ಬಡಿದೇ ಬಡಿದ.

ಆಮೇಲೆ ಅವಳು ಮಗಳ ಕಡೆ ತಿರುಗಿ ಹೇಳಿದ್ದೂ ಅವನ ಆ ಕಿವಿಗೆ ಸ್ಪಷ್ಟವಾಗಿ ಬಿತ್ತು.

“ಅವ ಇಲ್ಲ ಬಿಡವಾ. ಲೈನಿನ್ಯಾಗ ಬರೇ ಕಟಕಟ ಅನ್ನಾಕತ್ತದ.”