ಉಸಿರಿನ ಪರೀಕ್ಷೆಗೆ ಮೂರು ದಿನ

"ಮುಟ್ಟಬೇಡ ಅದನ್ನ!"

ಅವಳು ಹೊಲಿಗೆ ಯಂತ್ರದ ಪಕ್ಕ ಅರ್ಧ ಕುಡಿದಿಟ್ಟಿದ್ದ ಲೋಟ ಅದು. ಗಾರ್ಮೆಂಟ್ಸಿನ ಇಸ್ತ್ರಿಯವನು ತುಟಿಗೆ ತರುವಷ್ಟರಲ್ಲಿ ಕಿತ್ತುಕೊಂಡಳು. ನೀರೆಲ್ಲ ಅವನ ಅಂಗಿಯ ಮೇಲೆ!

"ನನ್ನ ಬಾಯಿ ತಾಗಿದ್ರೆ ಅಷ್ಟು ಅಸಹ್ಯನಾ?"

ಹೋದ ತಿಂಗಳವರೆಗೆ ಇಬ್ಬರದೂ ಒಂದೇ ಊಟದ ಡಬ್ಬಿ. ಈಗ ಅವಳು ದೂರ ಕೂರುತ್ತಿದ್ದಳು.

ಹೇಳಿಬಿಡಲೇ?... ಮೇಸ್ತ್ರಿಯ ಕಿವಿಗೆ ಬಿದ್ದರೆ? ಕಾಯಿಲೆಯೆಂದು ಬಾಯಿಬಿಟ್ಟವರನ್ನು ಈ ಗಾರ್ಮೆಂಟ್ಸಿನಲ್ಲಿ ಅಂದೇ ಮನೆಗಟ್ಟುತ್ತಿದ್ದರು.

ಹೊಟ್ಟೆಯ ಸೋಂಕಿಗೆ ಹದಿನಾಲ್ಕು ದಿನ ಮಾತ್ರೆ ನುಂಗಿದ್ದಳು. ಕ್ರಿಮಿ ಸತ್ತಿದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆ. ಅದಕ್ಕೆ ಎರಡು ವಾರ ಮೊದಲೇ ಆಸಿಡ್ ತಗ್ಗಿಸುವ ಮಾತ್ರೆಯನ್ನೂ ನಿಲ್ಲಿಸಬೇಕು. ನಿಲ್ಲಿಸಿದ್ದೇ ತಡ, ಎದೆಯಲ್ಲಿ ಕೆಂಡ! "ಉರಿ ಬಂದ ಮಾತ್ರಕ್ಕೆ ಕ್ರಿಮಿ ಉಳಿದಿದೆ ಅಂತಲ್ಲ. ಸ್ವಲ್ಪ ಸ್ವಲ್ಪವೇ, ಆಗಾಗ ತಿನ್ನು" ಎಂದಿದ್ದರು ಡಾಕ್ಟರಮ್ಮ.

ತಿನ್ನುವುದೆಲ್ಲಿ? ಊಟದ ಗಂಟೆಯವರೆಗೆ ಏಳುವಂತಿಲ್ಲ, ಬಾಯಾಡಿಸುವಂತಿಲ್ಲ. ಅಂಗಿಯ ಗುಂಡಿ ಸಡಿಲವಾದರೆ ಕೂಗಾಡುವವರಿಗೆ ಹೊಲಿಯುವವಳ ಹೊಟ್ಟೆ ಕಣ್ಣಿಗೇ ಬೀಳದು!

ಅಷ್ಟರಲ್ಲಿ ಇಸ್ತ್ರಿಯವನ ದನಿ ಕೇಳಿತು. "ಮೇಸ್ತ್ರಿ, ನನ್ನನ್ನ ಆಚೆ ಕಟ್ಟಡಕ್ಕೆ ಹಾಕ್ಬಿಡಿ."

ಮೇಸ್ತ್ರಿ ಪೆನ್ನು ತೆಗೆದ. ಅವಳು ಯಂತ್ರ ನಿಲ್ಲಿಸಿ ಎದ್ದಳು.

"ಗಂಟೆ ಹೊಡೆದಿಲ್ಲ. ಕೂತ್ಕೋ!"

"ಕೂರಲ್ಲ!" ಅವಳು ಇಸ್ತ್ರಿಯವನತ್ತ ತಿರುಗಿದಳು. "ನನ್ನ ಹೊಟ್ಟೇಲಿ ಸೋಂಕಿತ್ತು. ಹೋಯ್ತೋ ಇಲ್ವೋ ಗೊತ್ತಿಲ್ಲ. ನಿನಗೂ ಅಂಟಿದ್ರೆ ಅಂತ ಲೋಟ ಕಿತ್ಕೊಂಡೆ ಕಣೋ... ಅಸಹ್ಯಕ್ಕಲ್ಲ! ಡಾಕ್ಟರಮ್ಮ ಆಗಾಗ ತಿನ್ನು ಅಂದಿದಾರೆ, ಇಲ್ಲಿ ತಿನ್ನೋದೆಲ್ಲಿ?"

"ಕಾಯಿಲೆ ಇಟ್ಕೊಂಡು ಬರ್ತೀಯಾ? ನಡಿ ಮನೆಗೆ!"

ಪಕ್ಕದಲ್ಲಿ ಗುಂಡಿ ಹಚ್ಚುವ, ಎಲ್ಲರ ಬಾಯಲ್ಲಿ ಗುಂಡಿ ಅಕ್ಕ, ತನ್ನ ಯಂತ್ರವನ್ನೂ ನಿಲ್ಲಿಸಿದಳು. "ಅವಳ ಜೊತೆ ನಮ್ಮನ್ನೂ ಕಳಿಸಪ್ಪಾ. ನೀನೇ ಕೂತು ಹೊಲಿ, ನೋಡೋಣ!"

ಒಂದೊಂದೇ ಯಂತ್ರ ನಿಂತಿತು. ಇಸ್ತ್ರಿಯವನು ತನ್ನ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತು ಹೇಳಿದ:

"ಅವಳು ಎರಡು ತುತ್ತು ತಿನ್ನಲಿ. ಆಮೇಲೆ ಕೆಲಸ."

ಮೇಸ್ತ್ರಿ ಗಡಿಯಾರ ನೋಡಿದ. "ಐದೇ ನಿಮಿಷ... ದಿನಾ ಈ ಆಟ ಬೇಡ."

"ದಿನಾನೂ ಬೇಕು" ಎಂದಳು ಗುಂಡಿ ಅಕ್ಕ. ಯಾರೂ ಯಂತ್ರ ಮುಟ್ಟಲಿಲ್ಲ.

"ಆಯ್ತು, ದಿನಾ! ಈಗ ಬೇಗ ಆಗಲಿ."

ಅವಳು ಬ್ರೆಡ್ಡಿನ ತುಂಡು ಕಚ್ಚಿದಳು. ಇಸ್ತ್ರಿಯವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ.

"ಮೂರು ದಿನಕ್ಕೆ ಉಸಿರಿನ ಪರೀಕ್ಷೆ. ಕ್ರಿಮಿ ಇನ್ನೂ ಇದೆ ಅಂತ ಬಂದ್ರೆ?" ಅವಳು ಕೇಳಿದಳು.

"ಮತ್ತೆ ಮಾತ್ರೆ. ನಾನೂ ಪರೀಕ್ಷೆ ಮಾಡಿಸ್ಕೋತೀನಿ."

"ಈ ಉರಿ, ಹುಳಿ ತೇಗು... ಹೋಗ್ಲೇ ಇಲ್ಲಾಂದ್ರೆ?"

"ನಿನ್ನ ಖಾರದ ಬಾಯಿಗೇ ಮನಸೋತವನು, ಹುಳಿಗೆ ಹೆದರ್ತೀನಾ?"

ಅವಳು ನಕ್ಕಳು, ಕಣ್ಣು ತುಂಬಿತು.

"ಮದುವೆ ಆಗ್ತೀಯಾ?" ಅವಳೇ ಕೇಳಿದಳು.

"ಆಗ್ತೀನಿ. ಮೊದಲು ಮೆಲ್ಲಗೆ ಅಗಿ ಕಣೇ."