ಮೂರನೇ ಫ್ಲಾಸ್ಕ್ ಕದಡಿದಾಗ

"ಯಾರು ಬೇಕಿತ್ತು?" ಎನ್ನುತ್ತಾ ಬಾಗಿಲು ತೆಗೆದ ಅವನ ಅಕ್ಕ, ಇವಳ ಮುಖ ಕಂಡೊಡನೆ ಅಡ್ಡ ನಿಂತಳು.

"ಅವರಿದ್ದಾರಾ, ಅಕ್ಕಾ?"

"ಅಕ್ಕಾ ಗಿಕ್ಕಾ ಅನ್ನಬೇಡಮ್ಮ. ಕಣ್ಣಿಗೆ ಕಾಣದ ಹುಳಗಳನ್ನ ಮಕ್ಕಳ ಹಾಗೆ ಸಾಕ್ತೀರಿ. ಕಣ್ಣೆದುರಿಗಿರೋ ಮನುಷ್ಯನ್ನ ಬೀದಿಗೆ ಹಾಕ್ತೀರಿ."

ಅವಳು ತಲೆ ತಗ್ಗಿಸಿದಳು. ಅಕ್ಕನ ಮಾತಿನಲ್ಲಿ ತಪ್ಪೇನಿತ್ತು...

ಒಳಗಿನಿಂದ ಅವನು ಬಂದ. ಮೈಮೇಲೆ ಡೇರಿಯವರು ಕೊಟ್ಟ ನೀಲಿ ಅಂಗಿ. ಈಗ ಅಲ್ಲಿ ಹಾಲು ಪರೀಕ್ಷೆ ಮಾಡುವ ಕೆಲಸ. ಕೆನ್ನೆ ಒಳಗೆ ಹೋಗಿತ್ತು.

"ಹೇಳು," ಅಂದ. ಒಳಗೆ ಬಾ ಅನ್ನಲಿಲ್ಲ.

ವರ್ಷದ ಹಿಂದೆ ಇಬ್ಬರೂ ಒಂದೇ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ದಿನಾ ಹಳೆಯ ಫ್ಲಾಸ್ಕಿನಿಂದ ಒಂದಿಷ್ಟು ತೆಗೆದು ಹೊಸ ದ್ರವಕ್ಕೆ ಹಾಕಬೇಕು. ಅಲ್ಲಿ ಹೊಸ ಪೀಳಿಗೆಗಳು ಹುಟ್ಟಬೇಕು. ಅವರಿಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಯಾರೋ ಶುರು ಮಾಡಿದ ಪ್ರಯೋಗ ಅದು. ಹಬ್ಬವಿರಲಿ ಹುಣ್ಣಿಮೆಯಿರಲಿ, ನಿಲ್ಲುವಂತಿರಲಿಲ್ಲ.

ಭಾನುವಾರ ಅವನ ಸರದಿ. ಅಂಥ ಒಂದು ಭಾನುವಾರ ಅವಳು ಫೋನ್ ಮಾಡಿದ್ದಳು.

"ತಡಿಯೇ, ಮೂರನೇ ಫ್ಲಾಸ್ಕ್ ಮುಚ್ಚಳ ತೆಗೆದಿದ್ದೀನಿ," ಅಂದಿದ್ದ.

ಅವನು ಇಡಲಿಲ್ಲ, ಅವಳು ಬಿಡಲಿಲ್ಲ. ಮದುವೆ, ಮನೆ, ಬಾಡಿಗೆ ಅಂತ ಮಾತು ಬೆಳೆಯಿತು.

ಆ ವಾರವೇ ಮೂರನೇ ಫ್ಲಾಸ್ಕ್ ಸುಣ್ಣದ ನೀರಿನಂತೆ ಕದಡಿತು. ಹೊರಗಿನ ಯಾವುದೋ ಸೂಕ್ಷ್ಮಜೀವಿ ಬಿದ್ದು ತಳಿ ಕೆಟ್ಟಿದೆ ಎಂದರು ಎಲ್ಲರೂ. ಅವನೊಬ್ಬನೇ, "ಇಲ್ಲ, ಇದು ನಮ್ಮದೇ," ಎಂದ.

ಲ್ಯಾಬಿನ ಮುಖ್ಯಸ್ಥರಾದ ಸರ್ ಕೇಳಿದಾಗ ಅವಳು, "ಆಗ ಅವರು ಫೋನಲ್ಲಿದ್ರು ಸರ್," ಎಂದಳು. ಯಾರ ಜೊತೆ ಎಂದು ಹೇಳಲಿಲ್ಲ. ಹೇಳಿದ್ದರೆ ಅವಳ ಸಂಶೋಧನೆಯ ಸೀಟಿಗೂ ಕುತ್ತು.

ಅವನೂ ಬಾಯಿ ಬಿಡಲಿಲ್ಲ; ಸೀಟು ಕಳೆದುಕೊಂಡು ಹೊರಟುಹೋದ. ಆ ಮೌನವನ್ನು ಅವಳು ತಪ್ಪೊಪ್ಪಿಗೆ ಎಂದುಕೊಂಡಳು. ಹಾಗೆ ಅಂದುಕೊಂಡರೆ ನಿದ್ದೆ ಬರುತ್ತಿತ್ತು.

"ಫ್ರೀಜರ್‌ನಲ್ಲಿಟ್ಟ ಹಳೇ ಪೀಳಿಗೆಗಳನ್ನ ಎಬ್ಬಿಸಿ ಮತ್ತೆ ಬೆಳೆಸಿದ್ವಿ," ಅಂದಳು ಈಗ. "ಕೆಲವು ಮತ್ತೆ ಹಾಗೇ ಕದಡಿದ್ವು. ಜೀನ್ ಓದಿಸಿದ್ವಿ. ನಮ್ಮ ತಳೀನೇ. ಡಿಎನ್‌ಎ ತುಂಡೊಂದು ನಕಲಾಗಿ ಬೇರೆ ಜೀನಿನ ಪಕ್ಕ ಕೂತಿದೆ. ದ್ರವದಲ್ಲಿರೋ ಸಿಟ್ರೇಟನ್ನ ಅವು ಯಾವತ್ತೂ ಮುಟ್ತಿರಲಿಲ್ಲ. ಈಗ ತಿನ್ತಾವೆ. ಅದಕ್ಕೇ ಅಷ್ಟು ದಟ್ಟ. ಫೋನಿಗೂ ಅದಕ್ಕೂ ಸಂಬಂಧಾನೇ ಇಲ್ಲ."

ಅವನ ಕಣ್ಣು ಒಂದು ಕ್ಷಣ ಹೊಳೆದು ಆರಿತು.

"ಇದನ್ನ ಹೇಳೋಕೆ ಬಂದ್ಯಾ?"

"ಅಲ್ಲ... ಫೋನ್ ಮಾಡಿದ್ದು ನಾನು ಅಂತ ಬೆಳಿಗ್ಗೆ ಸರ್‌ಗೆ ಹೇಳಿದೆ."

"ಏನಂದ್ರು?"

"ನಾಳೆಯಿಂದ ಬರಬೇಡ ಅಂದ್ರು."

ಅಕ್ಕ ಬಾಗಿಲಿನಿಂದ ಕೈ ತೆಗೆದಳು.

"ನನಗೆ ವಾಪಸ್ ಸೀಟು?" ಅಂದ ಅವನು.

"ಬೇರೆಯವರು ಸೇರಿದ್ದಾರಂತೆ."

ಅವನು ನಕ್ಕ. ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಒಂದು ಮಾತು ನಿಜ ಹೇಳು. ಫಲಿತಾಂಶ ಬರೋ ಮೊದಲು ನನ್ನ ನಂಬಿದ್ಯಾ?"

ಹೌದು ಎನ್ನಲು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೌದೆಂದರೆ ಇವನು ಸಿಗಬಹುದು... ಮತ್ತೆ ಅರ್ಧ ಸತ್ಯದ ಮೇಲೆ.

"ಇಲ್ಲ," ಅಂದಳು. "ನಂಬಲಿಲ್ಲ. ನಂಬಿದ್ರೆ ನಾನು ಕೆಟ್ಟೋಳು ಅಂತ ಒಪ್ಕೋಬೇಕಿತ್ತು. ಪ್ರೀತಿ ಇತ್ತು, ಧೈರ್ಯ ಇರಲಿಲ್ಲ. ಪ್ರೀತಿ ಈಗಲೂ ಇದೆ."

ಅಕ್ಕ ಸದ್ದಿಲ್ಲದೆ ಒಳಗೆ ಹೋದಳು.

"ನನಗಿನ್ನೂ ಸಿಟ್ಟಿದೆ," ಅಂದ.

"ಗೊತ್ತು."

"ಬೇಗ ಹೋಗಲ್ಲ ಅದು."

"ನಾನೂ ಹೋಗಲ್ಲ."

ಅವನು ಚಪ್ಪಲಿಗಳನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಅವಳ ಚಪ್ಪಲಿಗೆ ಜಾಗ ಮಾಡಿದ.

"ಹೊಸಿಲ ಮೇಲೆ ನಿಲ್ಲಬೇಡ," ಅಂದ. "ಬಾ."