ಸಭೆಯ ಹಿಡಿಯಕ್ಕಿ

“ಏನಮ್ಮಾ ಎಸ್ತರ್, ಒಂದ್ ಸೇರು ಅಕ್ಕಿಗೆ ಎಷ್ಟ್ ಜನ ಬೀಳ್ತಾರೆ ನಿಮ್ ಸ್ವಾಮಿ ಬಲೆಗೆ?”

ಬೀದಿ ನಲ್ಲಿಯ ಹತ್ತಿರ, ಅಷ್ಟು ಹೆಂಗಸರ ಮುಂದೆ, ಚಲಪತಿ ಕೇಳಿದ. ಎಸ್ತರ್ ಅಕ್ಕಿ ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯ ಒಂದು ತುದಿ ಮಾತ್ರ ನಕ್ಕಿತು.

“ನಿಮ್ಮಂಥೋರು ಬಿದ್ರೆ ಬಲೇನೇ ಹರಿದುಹೋಗುತ್ತೆ. ಕೊಡ ತೆಗೀರಿ, ತುಂಬಿ ಚೆಲ್ತಾ ಇದೆ.”

ಅದು ಐವತ್ತೆಂಟನೇ ಇಸವಿ. ಚಿನ್ನದ ಗಣಿಯೊಳಗೆ ಏರ್‌ಬ್ಲಾಸ್ಟ್ ಆಗಿ, ಬಂಡೆ ಸಿಡಿದು, ಕೆಲಸಗಾರರು ಕೆಳಗಿಳಿಯುವ ಒಂದು ಶಾಫ್ಟ್ ಮುಚ್ಚಿತ್ತು. ಮೂರು ತಿಂಗಳಿಂದ ಚಲಪತಿಯ ಲೈನಿನ, ಅಂದರೆ ಆ ಕಾರ್ಮಿಕರ ಮನೆಸಾಲಿನ, ಗಂಡಸರಿಗೆ ಕೆಲಸವಿಲ್ಲ, ಸಂಬಳವಿಲ್ಲ. ಪಕ್ಕದ ಬೀದಿಯ ಕ್ರೈಸ್ತ ಸಭೆಯ ಹೆಂಗಸರು ಒಲೆಗೆ ಅಕ್ಕಿ ಹಾಕುವಾಗಲೆಲ್ಲ ಒಂದು ಹಿಡಿ ತೆಗೆದಿಟ್ಟು ಭಾನುವಾರ ಚರ್ಚಿಗೆ ಒಪ್ಪಿಸುವುದು ಹಿಂದಿನಿಂದ ಬಂದ ರೂಢಿ. ಅದನ್ನು ಮಾರಿ ಚರ್ಚಿಗೆ ತಗಡು ಹೊದಿಸಬೇಕಿತ್ತು. ತಗಡು ಆಮೇಲಾಗಲಿ, ಮೊದಲು ಲೈನಿನ ಒಲೆ ಉರಿಯಲಿ ಎಂದು ಸಭೆ ತೀರ್ಮಾನಿಸಿತು. ಯಾರ ಮನೆಗೆ ಕೊಟ್ಟೆವೆಂದು ಯಾರೂ ಬಾಯಿಬಿಡಬಾರದು ಎಂದೂ.

ಚಲಪತಿಗೆ ಮೈ ಉರಿಯುತ್ತಿತ್ತು. ಹಸಿದವರ ಬಾಗಿಲನ್ನೇ ಯಾಕೆ ಹುಡುಕುತ್ತಾರೆ ಇವರು? ತನ್ನ ಮನೆಯ ಅಕ್ಕಿ ಮಾತ್ರ ಸೋದರಮಾವ ಸೀನಪ್ಪ ಹಳ್ಳಿಯಿಂದ ಕಳಿಸಿದ್ದು ಎಂದು ತಾಯಿ ಮುನಿರತ್ನಮ್ಮ ಹೇಳಿದ್ದಳು. ಆ ಅನ್ನ ತಿಂದ ಬಲದಲ್ಲೇ ಅವನು ದಿನಾ ನಲ್ಲಿಗೆ ಹೋಗಿ ಎಸ್ತರಳನ್ನು ಕೆಣಕುತ್ತಿದ್ದ.

ಒಂದು ಶನಿವಾರ ಬಂಗಾರಪೇಟೆ ಮಾರ್ಕೆಟ್ಟಿನಲ್ಲಿ ಸೀನಪ್ಪ ಸಿಕ್ಕಿದ. ಚಲಪತಿ ಕೈಮುಗಿದ.

“ನೀನ್ ಕಳ್ಸಿದ ಅಕ್ಕೀನೇ ನಮ್ ಪ್ರಾಣ ಉಳಿಸ್ತು ಮಾವ.”

“ಯಾವ ಅಕ್ಕಿಲಾ? ನಮ್ಗೇ ರಾಗಿ ಅಂಬ್ಲಿ ಗತಿ. ಕುಡ್ದಿದ್ದೀಯಾ ಎಂಗೆ?”

ಮನೆಗೆ ಮರಳುವ ಮಾರಿಕುಪ್ಪಂ ರೈಲಿನಲ್ಲಿ ಅವನು ಕೂರಲಿಲ್ಲ. ಬಾಗಿಲ ಕಂಬಿ ಹಿಡಿದು ನಿಂತೇ ಬಂದ. ಇಳಿದವನು ನೇರ ಚರ್ಚಿನ ಜಗಲಿಗೆ ನಡೆದ.

ಎಸ್ತರ್ ಒಬ್ಬಳೇ ಮೊರ ಇಟ್ಟುಕೊಂಡು ಕುಸುಬಲಕ್ಕಿ ಬೇರೆ, ಬಿಳಿ ಅಕ್ಕಿ ಬೇರೆ ಆರಿಸುತ್ತಿದ್ದಳು. ಕೆನ್ನೆಗೆ ಅಂಟಿದ ಹೊಟ್ಟಿನ ಚೂರೊಂದು ಬಿಸಿಲಿಗೆ ಮಿನುಗುತ್ತಿತ್ತು. ಅಷ್ಟು ಕೋಪದಲ್ಲೂ ಅವನಿಗೆ ಅದು ಕಂಡಿತು.

“ಇದೇನ್ ಮಾಡ್ತಿದ್ದೀಯಾ?”

“ಎರಡೂ ಬೆರೆತ್ರೆ ಒಂದು ಮುದ್ದೆಯಾಗುತ್ತೆ, ಇನ್ನೊಂದು ಬೇಯಲ್ಲ. ತಟ್ಟೆ ನೋಡಿದ ತಕ್ಷಣ ಹತ್ತು ಮನೆ ಅಕ್ಕಿ ಅಂತ ಗೊತ್ತಾಗ್ಬಿಡುತ್ತೆ. ತಿನ್ನೋರಿಗೆ ಅವಮಾನ.”

“ನಮ್ಮನೇಗೂ ಇದೇ ಬತ್ತಿತ್ತಾ?”

ಅವಳ ಬೆರಳುಗಳು ನಿಂತವು. “ನಿಮ್ಮಮ್ಮ ಹೇಳ್ಬೇಡ ಅಂದಿದ್ರು.”

“ದಿನಾ ಆಡ್ಕೊಂಡೆ ನಿನ್ನ. ಒಂದ್ ಮಾತು ಅಂದಿದ್ರೆ ನನ್ ಬಾಯಿ ಮುಚ್ತಿತ್ತಲ್ಲಾ!”

“ಮುಚ್ತಿತ್ತು. ಆಮೇಲೆ ಅನ್ನಕ್ಕೂ ತೆರೀತಿರ್ಲಿಲ್ಲ.”

ಚಲಪತಿ ಮೆಟ್ಟಿಲ ಮೇಲೆ ಕೂತ. ನೆಲ ನೋಡುತ್ತಾ ಹೇಳಿದ:

“ನಲ್ಲಿಗೆ ನಾನ್ ನೀರಿಗ್ ಬತ್ತಿರ್ಲಿಲ್ಲ ಎಸ್ತರ್. ಬೈಯೋಕೂ ಅಲ್ಲ. ಬೈದ್ರೆ ನೀನು ನಿಂತು ನನ್ ಕಡೆ ನೋಡ್ತಿದ್ದೆ, ಅದಕ್ಕೆ. ನಾಳೆ ನಿಮ್ಮಪ್ಪನ ಅತ್ರ ಬತ್ತೀನಿ.”

ಅವಳ ಮುಖ ಕೆಂಪಾಯಿತು. ಕಣ್ಣು ಮಾತ್ರ ತಗ್ಗಲಿಲ್ಲ.

“ನಾಳೆ ಬೇಡ. ನಮ್ ಸಭೆ ಅಕ್ಕಿ ಕೊಟ್ಟು ಯಾರನ್ನೂ ಕೊಂಡಿಲ್ಲ, ನಾನು ಶುರು ಮಾಡೋದೂ ಬೇಡ. ಶಾಫ್ಟ್ ತೆರೀಲಿ, ನಿಮ್ಮನೇಗೆ ನಮ್ಮಕ್ಕಿ ನಿಲ್ಲಲಿ. ಆಗ್ಲೂ ಬರ್ಬೇಕು ಅನ್ಸಿದ್ರೆ ಬನ್ನಿ.”

ಏಳು ವಾರದ ಮೇಲೆ ಶಾಫ್ಟ್ ತೆರೆಯಿತು. ಮೊದಲ ಸಂಬಳದಲ್ಲಿ ಮುನಿರತ್ನಮ್ಮ ಅಂಗಡಿಯಿಂದ ಅಕ್ಕಿ ತಂದಳು. ಅದೇ ಸಂಜೆ ಚಲಪತಿ ತಲೆಗೆ ಎಣ್ಣೆ ಹಚ್ಚಿ, ಒಗೆದ ಶರ್ಟು ತೊಟ್ಟು ಎಸ್ತರಳ ಮನೆಯ ಬಾಗಿಲು ಬಡಿದ.

ತೆರೆದವರು ಅವಳ ತಂದೆ ದೇವಸಹಾಯಂ. “ಏನಪ್ಪಾ?”

ತಾಯಿಯನ್ನು ಒಪ್ಪಿಸಿದ್ದು, ಜಾತಿಯವರಿಗೆ ಹೆದರುವುದಿಲ್ಲ ಎಂಬುದು, ಅವಳ ದೇವರು ಅವಳಿಗೆ ತನ್ನ ದೇವರು ತನಗೆ ಎಂಬುದು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತೇಹೋಯಿತು. ಊರಿಗೆಲ್ಲ ಬಾಯಿ ಮಾಡುವವನಿಗೆ ನಾಲಿಗೆ ಹೊರಳಲಿಲ್ಲ.

ಒಳಗಿನಿಂದ ಎಸ್ತರಳ ದನಿ ಬಂತು: “ಒಳಗೆ ಕರೀರಿ ಅಪ್ಪಾ. ಬೈಯೋಕೆ ಬಂದಿದ್ರೆ ಇಷ್ಟೊತ್ತಿಗೆ ಶುರುವಾಗಿರ್ತಿತ್ತು.”